ದೂರದ ದತ್ತಾಂಶಕ್ಕೆ ಒಂದೇ ಪ್ರಶ್ನೆ

ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯ ಹತ್ತಿ ಬೆಳೆಗಾರರ ಪಟ್ಟಿ ಒಂದು ಕಂಪ್ಯೂಟರಿನಲ್ಲಿದೆ, ರಾಯಚೂರು ಮಾರುಕಟ್ಟೆಯ ದಿನದ ಧಾರಣೆ ಮತ್ತೊಂದು ಸರ್ವರಿನಲ್ಲಿದೆ ಎಂದುಕೊಳ್ಳಿ. ಎರಡನ್ನೂ ಕೂಡಿಸಿ ನೋಡಬೇಕೆಂದರೆ ನಾವು ಸಾಮಾನ್ಯವಾಗಿ ನಕಲು ಮಾಡಿಕೊಳ್ಳುತ್ತೇವೆ. ಮರುದಿನವೇ ಆ ನಕಲು ಹಳತಾಗಿರುತ್ತದೆ.

ಪೋಸ್ಟ್‌ಗ್ರೆಸ್ ಡೇಟಾಬೇಸಿನ 'ಫಾರಿನ್ ಡೇಟಾ ರ‍್ಯಾಪರ್' ಎಂಬ ಪ್ಲಗಿನ್ ನನಗೆ ಮೆಚ್ಚುಗೆಯಾಗುವುದು ಇಲ್ಲೇ. 2011ರ 9.1 ಆವೃತ್ತಿ ಹೊರಗಿನ ದತ್ತಾಂಶವನ್ನು ಓದುವ ದಾರಿ ತೆರೆಯಿತು, 2013ರ 9.3 ಆವೃತ್ತಿ ಅಲ್ಲಿಗೆ ಬರೆಯುವುದನ್ನೂ ಸಾಧ್ಯವಾಗಿಸಿತು.

ಅಳವಡಿಸುವ ಕ್ರಮ ಎಷ್ಟು ಅಚ್ಚುಕಟ್ಟು ನೋಡಿ. 'ಕ್ರಿಯೇಟ್ ಎಕ್ಸ್‌ಟೆನ್ಶನ್' ಎಂದು ಆದೇಶ ಕೊಟ್ಟರೆ ಪ್ಲಗಿನ್ ಸಿದ್ಧ. 'ಕ್ರಿಯೇಟ್ ಸರ್ವರ್' ಆಚೆಯ ಯಂತ್ರದ ವಿಳಾಸ ತಿಳಿಸುತ್ತದೆ, 'ಯೂಸರ್ ಮ್ಯಾಪಿಂಗ್' ಯಾರ ಹೆಸರಿನಲ್ಲಿ ಒಳಹೋಗಬೇಕೆಂದು ಹೇಳುತ್ತದೆ. ಕೊನೆಗೆ 'ಫಾರಿನ್ ಟೇಬಲ್'. ಅಷ್ಟಾದರೆ ದೂರದ ಕೋಷ್ಟಕವನ್ನೂ ನಮ್ಮದರಂತೆಯೇ ಕೇಳಬಹುದು, ಜೋಡಿಸಬಹುದು. ಸಾದಾ ಸಿಎಸ್‌ವಿ ಕಡತಕ್ಕೂ ಇದೇ ಬಗೆಯ ಪ್ಲಗಿನ್ ಇದೆ; ಕಡತ ಬದಲಾದರೆ ಮುಂದಿನ ಪ್ರಶ್ನೆಗೆ ಹೊಸ ಉತ್ತರವೇ ಬರುತ್ತದೆ.

ದೂರದ ಸರ್ವರನ್ನು ಬೆಸೆಯುವ ಪ್ಲಗಿನ್ನಿನ ಜಾಣತನ ಇನ್ನೂ ಒಳಗಿದೆ. 'ಜಾಲಹಳ್ಳಿ' ಎಂದು ಶೋಧಕ ಹಾಕಿದರೆ, ಸಾಧ್ಯವಿದ್ದಲ್ಲಿ ಆ ಷರತ್ತನ್ನೂ ದೂರದ ಸರ್ವರಿಗೇ ಕಳಿಸುತ್ತದೆ. ಇಡೀ ಜಿಲ್ಲೆಯ ಸಾಲುಗಳ ಬದಲು ಬೇಕಾದಷ್ಟೇ ಬರುತ್ತವೆ. ನೆಟ್‌ವರ್ಕ್ ನಿಧಾನವಿರುವ ಊರುಗಳಿಗೆ ಇದು ದೊಡ್ಡ ಉಪಕಾರ. 'ಎಕ್ಸ್‌ಪ್ಲೇನ್ ವರ್ಬೋಸ್' ಕೊಟ್ಟರೆ, ಆಚೆಗೆ ಹೋದ ಪ್ರಶ್ನೆಯನ್ನು ಕಣ್ಣಾರೆ ಕಾಣಬಹುದು.

ಬಳಸುವವರಿಗೆ ಒಂದು ಮಾತು: ಮೊದಲು ಓದುವ ಅನುಮತಿಯನ್ನಷ್ಟೇ ಕೊಡಿ. ರೈತರ ದಾಖಲೆ ಅದರ ಮೂಲದಲ್ಲೇ ಭದ್ರವಾಗಿರಲಿ.