ರೂಪದರ್ಶಿಯ ನಿಲುವು: ರವಿವರ್ಮನಿಂದ ಪುಷ್ಪಮಾಲಾವರೆಗೆ

ಫ್ಯಾಷನ್ ಛಾಯಾಚಿತ್ರದ ಬಗ್ಗೆ ನಮ್ಮಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಒಂದು, ರೂಪದರ್ಶಿಯ ಚೆಲುವನ್ನು ಹೊಗಳುವ ಮಾತು. ಇನ್ನೊಂದು, ಸಂಸ್ಕೃತಿ ಹಾಳಾಯಿತೆಂದು ಹಲುಬುವ ಮಾತು. ಮೇಲುನೋಟಕ್ಕೆ ಇವು ಒಂದಕ್ಕೊಂದು ವಿರುದ್ಧ. ಆದರೆ ಎರಡೂ ನೋಡುವುದು ಹೆಣ್ಣಿನ ಮೈಯನ್ನೇ ಹೊರತು ಚಿತ್ರವನ್ನಲ್ಲ. ಚಿತ್ರದಲ್ಲಿ ನಿಂತವಳು ಒಬ್ಬಳು. ಅವಳನ್ನು ಹಾಗೆ ನಿಲ್ಲಿಸಿದವರು ಹಲವರು. 'ನಿಲುವು' ಎಂಬ ನಮ್ಮ ಪದಕ್ಕೆ ನಿಂತ ಭಂಗಿ ಎಂಬ ಅರ್ಥವೂ ಇದೆ, ಅಭಿಪ್ರಾಯ ಎಂಬ ಅರ್ಥವೂ ಇದೆ. ರೂಪದರ್ಶಿಯ ಪಾಲಿಗೆ ಮೊದಲನೆಯದಷ್ಟೇ ಉಳಿದರೆ, ಎರಡನೆಯದು ಯಾರ ಕೈಗೆ ಹೋಗುತ್ತದೆ? ಈ ಪ್ರಶ್ನೆಯಿಂದ ಹೊರಟರೆ ಫ್ಯಾಷನ್ ಚಿತ್ರವೂ ವಿಮರ್ಶೆಗೆ ಯೋಗ್ಯವಾದ ವಸ್ತುವೇ ಎಂಬುದು ಮನವರಿಕೆಯಾಗುತ್ತದೆ.

ನಾನು ಕಲಾವಿಮರ್ಶಕನಲ್ಲ, ನಂದವರಂನ ಬ್ಯಾಂಕ್ ಗುಮಾಸ್ತ. ಅರ್ಜಿಗಳಿಗೆ ಅಂಟಿಸಿದ ಪಾಸ್‌ಪೋರ್ಟ್ ಅಳತೆಯ ಮುಖಗಳನ್ನು ದಿನವಿಡೀ ನೋಡುವವನು. ಬಿಳಿ ಗೋಡೆ, ನೆಟ್ಟ ಕಣ್ಣು, ಮುಚ್ಚಿದ ಬಾಯಿ. ಯಾರಿಗೂ ತಮ್ಮದೇ ಆದ ನಿಲುವಿಲ್ಲ. ಆ ಚಿತ್ರಗಳನ್ನು ನೋಡಿ ಪಳಗಿದ ಕಣ್ಣಿನಿಂದಲೇ ನಾನು ಉಳಿದ ಚಿತ್ರಗಳನ್ನೂ ನೋಡುತ್ತೇನೆ. ಕಾಸರಗೋಡಿನ ಓದುಗರಿಗೆ ನಮ್ಮ ಸೀಮೆ ದೂರದ್ದಾದರೂ ಅನುಭವ ಹತ್ತಿರದ್ದು. ಬಳ್ಳಾರಿ ಜಿಲ್ಲೆಗೆ ಸೇರಿದ್ದ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು 1953ರಲ್ಲಿ ಆಂಧ್ರಕ್ಕೆ ಹೋದವು. ಮೂರು ವರ್ಷದ ತರುವಾಯ ಕಾಸರಗೋಡು ಕೇರಳಕ್ಕೆ ಸೇರಿತು. ನಮ್ಮ ಗುರುತಿನ ಬಗ್ಗೆ ಬೇರೆಯವರು ತೀರ್ಮಾನಿಸುವುದೆಂದರೇನು ಎಂದು ಗಡಿನಾಡಿನವರಿಗೆ ಯಾರೂ ವಿವರಿಸಬೇಕಾಗಿಲ್ಲ.

ಮಲಯಾಳ ಮತ್ತು ಕನ್ನಡ ಎರಡಕ್ಕೂ ಸಲ್ಲುವ ಒಂದು ಹೆಸರಿನಿಂದ ಈ ಚರ್ಚೆಯನ್ನು ಆರಂಭಿಸಬಹುದು. ಕಿಳಿಮಾನೂರಿನ ರಾಜಾ ರವಿವರ್ಮ (1848-1906) ಫ್ಯಾಷನ್ ಛಾಯಾಗ್ರಾಹಕನಲ್ಲ, ನಿಜ. ಆದರೆ ಅವನ ಕೆಲಸದ ಕ್ರಮವನ್ನು ಗಮನಿಸಿ: ತಕ್ಕ ಮುಖವನ್ನು ಹುಡುಕುವುದು, ಸೀರೆ ಒಡವೆಗಳನ್ನು ಆಯುವುದು, ನೆರಿಗೆಯ ಮೇಲೆ ಬೆಳಕು ಹೇಗೆ ಬೀಳಬೇಕೆಂದು ನೋಡುವುದು, ಕೈ ಎಲ್ಲಿರಬೇಕೆಂದು ಹೇಳುವುದು. ಇಂದಿನ ಸ್ಟುಡಿಯೋಗಳಲ್ಲಿ ನಡೆಯುವುದೂ ಇದೇ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಅವನ 1889ರ ಚಿತ್ರವೊಂದಿದೆ. ಬೇರೆ ಬೇರೆ ಸಮುದಾಯಗಳ ಹನ್ನೊಂದು ಮಂದಿ ಹೆಂಗಸರು ವಾದ್ಯಗಳೊಂದಿಗೆ ನೆರೆದಿದ್ದಾರೆ. ಉಡುಗೆಯಿಂದ ಇವಳು ಇಂಥ ಪ್ರಾಂತದವಳು, ಇಂಥ ಜಾತಿಯವಳು ಎಂದು ಗುರುತಿಸಬಹುದು. ಅವಳು ಯಾರು ಎಂಬುದನ್ನು ಮಾತ್ರ ಚಿತ್ರ ಹೇಳುವುದಿಲ್ಲ. ಉಡುಗೆಯೇ ಅಲ್ಲಿ ಹೆಸರಿನ ಸ್ಥಾನವನ್ನು ಪಡೆದಿದೆ.

1894ರಲ್ಲಿ ರವಿವರ್ಮನ ಮುದ್ರಣಾಲಯ ಆರಂಭವಾದ ಮೇಲೆ ಈ ಹೆಂಗಸರು ಅರಮನೆಯಿಂದ ಇಳಿದು ಸಾಮಾನ್ಯರ ಗೋಡೆಗಳಿಗೆ ಬಂದರು. ಲಕ್ಷ್ಮಿ, ಸರಸ್ವತಿಯರಿಗೂ ಅದೇ ನೆರಿಗೆ, ಅದೇ ಸೆರಗು. ದೇವಿ ಹೇಗೆ ಉಡುತ್ತಾಳೋ ಮನೆಯ ಹೆಣ್ಣೂ ಹಾಗೆ ಉಡಬೇಕೆಂಬ ಆಸೆಯನ್ನು ಹುಟ್ಟಿಸುವ ಶಕ್ತಿ ಆ ಅಚ್ಚಿನ ಚಿತ್ರಗಳಿಗಿತ್ತು. ಉಡುಗೆಯನ್ನು ನೋಡಿ ಹಂಬಲಿಸುವಂತೆ ಮಾಡುವುದೇ ಫ್ಯಾಷನ್ ಚಿತ್ರದ ಕೆಲಸವಾದರೆ, ನಮ್ಮ ದೇಶದಲ್ಲಿ ಅದರ ಮೊದಲ ಪಾಠ ನಡೆದದ್ದು ಇಂಥ ಗೋಡೆಗಳ ಮೇಲೆಯೇ ಎನ್ನಬೇಕಾಗುತ್ತದೆ.

ಆ ಗೋಡೆಯ ಕ್ಯಾಲೆಂಡರ್ ನೂರು ವರ್ಷದಲ್ಲಿ ಎಲ್ಲಿಗೆ ಬಂದು ಮುಟ್ಟಿತೆಂಬುದಕ್ಕೆ ಬೆಂಗಳೂರಿನ ಮದ್ಯದ ಕಂಪನಿಯೊಂದು 2003ರಿಂದ ಹೊರತಂದ ಕಿಂಗ್‌ಫಿಷರ್ ಕ್ಯಾಲೆಂಡರ್ ಸಾಕ್ಷಿ. ಛಾಯಾಗ್ರಾಹಕ ಅತುಲ್ ಕಸ್ಬೇಕರ್. ದೀಪಿಕಾ ಪಡುಕೋಣೆ 2006ರಲ್ಲಿ ಕನ್ನಡದ 'ಐಶ್ವರ್ಯ' ಚಿತ್ರದ ಮೂಲಕ ಸಿನಿಮಾಕ್ಕೆ ಬಂದರಷ್ಟೆ. ಅದೇ ವರ್ಷದ ಕ್ಯಾಲೆಂಡರಿನಲ್ಲಿ ಅವರೂ ಇದ್ದರು. ಕಡಲತೀರದ ಆ ಚಿತ್ರಗಳಲ್ಲಿ ಬೆಳಕಿನ ಹದ ಚೆನ್ನಾಗಿದೆ. ಆದರೆ ನೇಕಾರರ ಸೀಮೆಯವನಾದ ನನಗೆ ಮೊದಲು ಕಂಡದ್ದು, ಅಲ್ಲಿ ಮಗ್ಗಕ್ಕೆ ಕೆಲಸವೇ ಇಲ್ಲವೆಂಬುದು.

ಫ್ಯಾಷನ್ ಚಿತ್ರದ ಒಳಗುಟ್ಟು ಇರುವುದು ಬೆನ್ನಿನ ಕಡೆ. ರವಿಕೆ ಸಡಿಲವಿದ್ದರೆ ಹಿಂದೆ ಕ್ಲಿಪ್ಪು ಹಾಕಿ ಬಿಗಿಯುತ್ತಾರೆ. ಸೆರಗು ನಿಲ್ಲದಿದ್ದರೆ ಪಿನ್ನು ಚುಚ್ಚುತ್ತಾರೆ. ಗಾಳಿ ಬೇಕಾದರೆ ಫ್ಯಾನ್ ಇಡುತ್ತಾರೆ. ಒಬ್ಬ ಬೆಳಕಿನ ಹಲಗೆ ಹಿಡಿದಿರುತ್ತಾನೆ, ಒಬ್ಬಳು ಪ್ರಸಾಧನ ಸರಿಮಾಡುತ್ತಾಳೆ, ವಸ್ತ್ರವಿನ್ಯಾಸಕರು ನೆರಿಗೆ ತಿದ್ದುತ್ತಾರೆ. ಕ್ಯಾಮೆರಾ ನೋಡುವುದು ಮುಂಭಾಗವನ್ನು ಮಾತ್ರ. ಆದ್ದರಿಂದ ಈ ಶ್ರಮವೆಲ್ಲ ಮರೆಯಾಗಿ, ಬಟ್ಟೆ ತಾನಾಗಿಯೇ ಮೈಗೆ ಒಪ್ಪಿತೆಂಬ ಭ್ರಮೆಯೊಂದು ಉಳಿಯುತ್ತದೆ. ಭ್ರಮೆ ಹುಟ್ಟಿಸುವುದೇ ತಪ್ಪೆಂದು ನಾನು ಹೇಳಲಾರೆ; ಯಕ್ಷಗಾನದ ಕಿರೀಟವೂ ಭ್ರಮೆಯೇ. ಆದರೆ ಯಕ್ಷಗಾನದ ಚೌಕಿಗೆ ಹೋಗಿ ಬಣ್ಣ ಹಚ್ಚುವುದನ್ನು ನೋಡಬಹುದು. ಫ್ಯಾಷನ್ ಚಿತ್ರ ತನ್ನ ಚೌಕಿಯ ಬಾಗಿಲನ್ನು ಮುಚ್ಚಿಕೊಂಡಿರುತ್ತದೆ.

ಆ ಬಾಗಿಲನ್ನು ತೆರೆದಿಟ್ಟವರು ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ. ಬರೋಡದಲ್ಲಿ ಶಿಲ್ಪಕಲೆ ಕಲಿತು, ತೊಂಬತ್ತರ ದಶಕದ ನಡುವಿನಲ್ಲಿ ಛಾಯಾಚಿತ್ರದ ಕಡೆ ಹೊರಳಿದವರು. 2000ದಿಂದ 2004ರವರೆಗೆ, ಸ್ಕಾಟ್ಲೆಂಡ್ ಮೂಲದ, ಭಾರತದಲ್ಲೇ ಬೆಳೆದ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಂದಿಗೆ ಸೇರಿ 'ದಕ್ಷಿಣ ಭಾರತದ ದೇಶೀ ಹೆಂಗಸರು: ನಡೆನುಡಿ, ಆಚಾರ' ಎಂದು ಕನ್ನಡಿಸಬಹುದಾದ ಹೆಸರಿನ ಒಂದು ಮಾಲಿಕೆಯನ್ನು ಮಾಡಿದರು. ನಾನು ಇವನ್ನು ನೋಡಿದ್ದು ಗ್ಯಾಲರಿಯಲ್ಲಲ್ಲ, ಅಚ್ಚಿನಲ್ಲಿ ಮತ್ತು ಪರದೆಯ ಮೇಲೆ. ಅಷ್ಟರಲ್ಲೇ ಅವು ನನ್ನನ್ನು ಹಿಡಿದು ನಿಲ್ಲಿಸಿದವು.

ಇಲ್ಲಿ ರೂಪದರ್ಶಿ ಪುಷ್ಪಮಾಲಾ ಅವರೇ. ರವಿವರ್ಮನ ಬೆಳದಿಂಗಳ ಹೆಣ್ಣಾಗಿ ಕುಳಿತವರೂ ಅವರೇ, ಅಚ್ಚಿನ ಚಿತ್ರದ ಲಕ್ಷ್ಮಿಯಾಗಿ ನಿಂತವರೂ ಅವರೇ. ಬಿಜಾಪುರದ ಹಳೆಯ ಚಿತ್ರದ ಯೋಗಿನಿ, ಪತ್ರಿಕೆಯಲ್ಲಿ ಬಂದ ಪೊಲೀಸರ ಚಿತ್ರದ ಆರೋಪಿ, ಚೌಕಳಿ ಹಿನ್ನೆಲೆಯ ಮುಂದೆ ಅಳತೆಗೆ ನಿಂತ ತೋಡ ಹೆಂಗಸು, ಎಲ್ಲವೂ ಅವರೇ. ಹತ್ತೊಂಬತ್ತನೆಯ ಶತಮಾನದ ಆಂಗ್ಲ ಅಧಿಕಾರಿಗಳು ಬುಡಕಟ್ಟಿನವರನ್ನು ಇಂಥ ಚೌಕಳಿಯ ಮುಂದೆ ನಿಲ್ಲಿಸಿ ಮೈಯ ಅಳತೆ ಹಿಡಿಯುತ್ತಿದ್ದರು. ಆ ಚಿತ್ರವನ್ನು ನೋಡಿದಾಗ ನನಗೆ ನಮ್ಮ ಬ್ಯಾಂಕಿನ ಕಡತಗಳು ನೆನಪಾದದ್ದು ಆಕಸ್ಮಿಕವಲ್ಲ.

ದೇವಿಯನ್ನೂ ಆರೋಪಿಯನ್ನೂ ಒಂದೇ ಸಾಲಿನಲ್ಲಿ ಇಟ್ಟದ್ದರಲ್ಲೇ ಈ ಮಾಲಿಕೆಯ ಅರ್ಥವಿದೆ. ಲಕ್ಷ್ಮಿಗೆ ತಾವರೆ, ಆರೋಪಿಗೆ ಹಲಗೆ, ತೋಡ ಹೆಂಗಸಿಗೆ ಚೌಕಳಿ. ಪ್ರತಿಯೊಬ್ಬಳಿಗೂ ಒಂದು ಉಡುಗೆ, ಒಂದು ಹಿನ್ನೆಲೆ, ಒಂದು ನಿಲುವು. ಮೂರನ್ನೂ ಬೇರೆ ಯಾರೋ ಗೊತ್ತುಮಾಡಿರುತ್ತಾರೆ. ಇಲ್ಲಿ ಒಬ್ಬಳೇ ಹೆಣ್ಣು ಎಲ್ಲವನ್ನೂ ಉಟ್ಟು ಬಿಚ್ಚುವುದರಿಂದ, ಉಡುಗೆ ಬೇರೆ, ಉಟ್ಟವಳು ಬೇರೆ ಎಂಬುದು ಕಣ್ಣಿಗೇ ಕಾಣುತ್ತದೆ. ಲಕ್ಷ್ಮಿಯ ಮುಖದಲ್ಲಿ ನಡುವಯಸ್ಸಿನ ಬೆಂಗಳೂರಿನ ಹೆಂಗಸೊಬ್ಬಳು ಉಳಿದೇ ಇದ್ದಾಳೆ. ನಮಗೆ ನಗು ಬರುತ್ತದೆ. ಆ ನಗುವಿನೊಡನೆ ಭ್ರಮೆಯೂ ಕಳಚುತ್ತದೆ. ಅಲ್ಲದೆ ಪರದೆ, ವೇಷ, ಸಿದ್ಧತೆಗಳು ಕಾಣುವ ಚಿತ್ರಗಳೂ ಈ ಮಾಲಿಕೆಯ ಭಾಗವೇ ಆಗಿವೆ. ಚೌಕಿಯೂ ಪ್ರದರ್ಶನಕ್ಕೆ ಬಂದಿದೆ. ಕೃತಿಗೆ ಇಬ್ಬರ ಹೆಸರೂ ಇದೆ, ನಿಂತವರದೂ ತೆಗೆದವರದೂ.

ಇದೇ ರವಿವರ್ಮನನ್ನು ಎತ್ತಿಕೊಂಡ ಇನ್ನೊಂದು ಪ್ರಯತ್ನವನ್ನು ಪಕ್ಕದಲ್ಲಿಟ್ಟು ನೋಡಬಹುದು. 2020ನೇ ಇಸವಿಗೆ ಸುಹಾಸಿನಿ ಮಣಿರತ್ನಂ ಅವರ 'ನಾಮ್' ಸೇವಾಸಂಸ್ಥೆಗಾಗಿ ಛಾಯಾಗ್ರಾಹಕ ಜಿ. ವೆಂಕಟ್‌ರಾಮ್ ಒಂದು ಕ್ಯಾಲೆಂಡರ್ ಮಾಡಿದರು. ಸಮಂತಾ, ಶ್ರುತಿ ಹಾಸನ್, ರಮ್ಯಾಕೃಷ್ಣ, ಶೋಭನಾ ಮೊದಲಾದವರು ರವಿವರ್ಮನ ಹೆಂಗಸರಾಗಿ ನಿಂತರು. ಉದ್ದೇಶ ಒಳ್ಳೆಯದು. ತೈಲವರ್ಣದ ಮಬ್ಬು ಬೆಳಕನ್ನು ಕ್ಯಾಮೆರಾದಲ್ಲಿ ಹಿಡಿದ ಕೌಶಲವೂ ಸಾಮಾನ್ಯದ್ದಲ್ಲ. ಹಾಗಿದ್ದೂ ನನಗೆ ಅತೃಪ್ತಿ ಉಳಿಯಿತು. ಈ ಚಿತ್ರಗಳು ಮೂಲಕ್ಕೆ ಎಷ್ಟು ಹತ್ತಿರವಾದೆವೆಂದು ಹೆಮ್ಮೆಪಡುತ್ತವೆ. ಪುಷ್ಪಮಾಲಾ ಚಿತ್ರಗಳು ಮೂಲದಿಂದ ಎಷ್ಟು ದೂರ ಉಳಿದೆವೆಂದು ತೋರಿಸುತ್ತವೆ. ಮೊದಲನೆಯದರಲ್ಲಿ ನಟಿ ಚಿತ್ರದೊಳಗೆ ಕರಗುತ್ತಾಳೆ; ಎರಡನೆಯದರಲ್ಲಿ ಹೆಣ್ಣು ಚಿತ್ರವನ್ನು ಪ್ರಶ್ನಿಸುತ್ತಾಳೆ.

ಇಷ್ಟು ಹೇಳಿದ ಮೇಲೆ ಪುಷ್ಪಮಾಲಾ ಅವರ ಬಗ್ಗೆಯೂ ಒಂದು ತಕರಾರನ್ನು ಎತ್ತಲೇಬೇಕು. ತನ್ನನ್ನು ತಾನೇ ನಿಲ್ಲಿಸಿಕೊಳ್ಳುವ ಸ್ವಾತಂತ್ರ್ಯ ಕಲಾವಿದೆಗೆ ಇದೆ. ದಿನಗೂಲಿಯ ಲೆಕ್ಕದಲ್ಲಿ ಅಂಗಡಿಯ ಜಾಹೀರಾತಿಗೆ ನಿಲ್ಲುವ ಹುಡುಗಿಗೆ ಅದು ಎಲ್ಲಿಂದ ಬರಬೇಕು? ತೋಡ ಹೆಂಗಸಿನ ವೇಷವನ್ನು ಕಲಾವಿದೆ ಸಂಜೆ ಕಳಚಿಡಬಹುದು. ನಿಜವಾದ ತೋಡ ಹೆಂಗಸು ಕಳಚಲಾರಳು. ಮಿಗಿಲಾಗಿ, ನಿಂತವರು, ತೆಗೆದವರು ಇಬ್ಬರ ಹೆಸರು ನನಗೆ ಸುಲಭವಾಗಿ ಸಿಕ್ಕಿತು. ಬೆಳದಿಂಗಳಲ್ಲಿ ಹೊಳೆಯುವ ಆ ಸೀರೆಯನ್ನು ನೇಯ್ದವರ ಹೆಸರು ನಾನು ನೋಡಿದ ಯಾವ ಪ್ರತಿಯಲ್ಲಿಯೂ ಇರಲಿಲ್ಲ. ವಸಾಹತುಶಾಹಿಯ ಕಣ್ಣನ್ನು ಇಷ್ಟು ಸೂಕ್ಷ್ಮವಾಗಿ ಬಿಚ್ಚಿಟ್ಟ ಕೃತಿಯ ಕುರಿತ ಮಾತೂ ಬಟ್ಟೆಯವರೆಗೆ ಬಂದು ನಿಂತುಬಿಡುತ್ತದೆ.

ನಮ್ಮ ಸೀಮೆಯವರಿಗೆ ಇದು ಸಣ್ಣ ಮಾತಲ್ಲ. ನಂದವರಂ ಸುತ್ತ ಹತ್ತಿಯ ಹೊಲ, ಆದವಾನಿಯಲ್ಲಿ ಹತ್ತಿಯ ಮಾರುಕಟ್ಟೆ, ಪಕ್ಕದ ಎಮ್ಮಿಗನೂರಿನಲ್ಲಿ ಮಗ್ಗ. ಅಲ್ಲಿ 1938ರಲ್ಲಿ ಮಾಚಾನಿ ಸೋಮಪ್ಪನವರು ನೇಕಾರರ ಸಹಕಾರ ಸಂಘ ಕಟ್ಟಿದರು. 1954ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನೂಲು ಕೊಡುವವನ, ಸೀರೆ ಕೊಳ್ಳುವವನ ಹಂಗು ತಪ್ಪಬೇಕೆಂಬುದು ಸಹಕಾರದ ಆಶಯ. ದರದ ವಿಷಯದಲ್ಲಿ ನೇಕಾರನಿಗೆ ಒಂದು ನಿಲುವು ಸಿಕ್ಕಿತು. ಚಿತ್ರದ ವಿಷಯದಲ್ಲಿ ಇನ್ನೂ ಸಿಕ್ಕಿಲ್ಲ.

ಒಮ್ಮೆ ಸಾಲದ ಕಂತು ಕಟ್ಟಲು ಬಂದ ನೇಕಾರರ ಮನೆಯ ಹಿರಿಯ ಹೆಂಗಸೊಬ್ಬರು ನನ್ನ ಮೇಜಿನ ಮೇಲಿದ್ದ ಜಾಹೀರಾತಿನ ಹಾಳೆಯನ್ನು ಕೈಗೆತ್ತಿಕೊಂಡರು. ದೂರದ ನಗರದ ಸೀರೆ ಅಂಗಡಿಯದು. ಅಂಚು ನೋಡಿದ ಕೂಡಲೇ ಅದು ತಮ್ಮ ಮನೆಯ ಮಗ್ಗದ್ದೆಂದು ಅವರಿಗೆ ತಿಳಿಯಿತು. ರೂಪದರ್ಶಿ ಸೊಂಟದ ಮೇಲೆ ಕೈಯಿಟ್ಟು ಪಕ್ಕಕ್ಕೆ ತಿರುಗಿದ್ದಳು. ಸೆರಗು ಹಿಂದೆ ಎಲ್ಲೋ ಹಾರುತ್ತಿತ್ತು. "ಹುಡುಗಿ ಚೆಂದ ಬಂದಾಳ ಸಾರ್. ಸೀರಿ ಬಂದಿಲ್ಲ," ಎಂದರು. ಆಮೇಲೆ ಹಾಳೆಯನ್ನು ತಿರುವಿ ಹಿಂಬದಿ ನೋಡಿದರು. ಬಟ್ಟೆಯ ಗುಣ ತಿಳಿಯಲು ಒಳಮೈ ನೋಡುವವರ ಅಭ್ಯಾಸ ಅದು. ಹಿಂದೆ ಅಂಗಡಿಯ ವಿಳಾಸವಷ್ಟೇ ಇತ್ತು.

ಆ ಎರಡು ಮಾತುಗಳಲ್ಲಿ ಒಂದು ವಿಮರ್ಶೆಯ ಮಾನದಂಡವೇ ಇದೆಯೆಂದು ನನ್ನ ಭಾವನೆ. ಫ್ಯಾಷನ್ ಚಿತ್ರ ಉಡುಗೆಗಾಗಿ ಹುಟ್ಟಿದ್ದು. ಆದರೆ ಅದರಲ್ಲಿ ಒಡಲು, ಅಂಚು, ಸೆರಗುಗಳ ಸಂಬಂಧ ಕಾಣುವುದಿಲ್ಲ, ಹಾಸುಹೊಕ್ಕಿನ ಕೆಲಸ ಕಾಣುವುದಿಲ್ಲ. ಹೆಣ್ಣು ಬಟ್ಟೆಗೆ ಗೂಟವಾಗುತ್ತಾಳೆ, ಬಟ್ಟೆ ಹೆಣ್ಣಿಗೆ ನೆಪವಾಗುತ್ತದೆ. ಎರಡಕ್ಕೂ ನ್ಯಾಯ ಸಿಗುವುದಿಲ್ಲ. ಇದಕ್ಕೆ ಮದ್ದು ನಾಚಿಕೆಯ ಉಪದೇಶವಲ್ಲ. ಮದ್ದು ಇರುವುದು ಲೆಕ್ಕ ಒಪ್ಪಿಸುವುದರಲ್ಲಿ. ಬ್ಯಾಂಕಿನಲ್ಲಿ ಒಂದು ರೂಪಾಯಿ ಕೈ ಬದಲಾದರೂ ಯಾರಿಂದ ಯಾರಿಗೆ ಎಂದು ಬರೆಯುತ್ತೇವೆ. ಇಷ್ಟು ಕೈ ದಾಟಿ ಬಂದ ಚಿತ್ರಕ್ಕೆ ಆ ಲೆಕ್ಕ ಏಕೆ ಬೇಡ?

ಕಾಸರಗೋಡಿನ ಕೈಮಗ್ಗದ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಊರಿನ ಹೆಸರು ಉಳಿಯಿತೆಂದು ಸಂತೋಷಪಡೋಣ. ಆದರೆ ಊರು ನೇಯುವುದಿಲ್ಲ, ಜನ ನೇಯುತ್ತಾರೆ. ವಾರ್ಷಿಕಗಳು ಚಿನ್ನದ ಅಂಗಡಿಗಳ, ಸೀರೆ ಅಂಗಡಿಗಳ ಜಾಹೀರಾತಿನಿಂದ ಬದುಕುತ್ತವೆ ಎಂಬುದು ಎಲ್ಲರಿಗೂ ಗೊತ್ತಿರುವುದೇ. ಆ ಪುಟಗಳಲ್ಲಿ ನಿಂತ ಹುಡುಗಿಯರ ಕೆಳಗೆ ನಾಲ್ಕು ಹೆಸರುಗಳನ್ನು ಎರಡು ಭಾಷೆಗಳಲ್ಲೂ ಅಚ್ಚುಹಾಕಲು ಹೆಚ್ಚು ಜಾಗ ಬೇಡ: ನಿಂತವರದು, ತೆಗೆದವರದು, ಹೊಲಿದವರದು, ನೇಯ್ದವರದು. ಸಂಪಾದಕರು ಜಾಹೀರಾತುದಾರರನ್ನು ಈ ವರ್ಷ ಒಂದು ಮಾತು ಕೇಳಿ ನೋಡಲಿ.