ದುಭಾಷಿಯ ಮೂಲಕ ಕೇಳಿದ ಕೂಗು: ಎಲಿಜಬೆತ್ ಸ್ಟ್ರೈಡ್‌ಳ ಕೊನೆಯ ಗಂಟೆಗಳು

ಕೊಲೆಯಾದವರ ಕೊನೆಯ ಗಂಟೆಗಳನ್ನು ಸಾಕ್ಷಿಗಳ ಹೇಳಿಕೆಗಳಿಂದ ಮರುಕಟ್ಟುವ ಬರವಣಿಗೆಗೆ ಒಂದು ಸಿದ್ಧ ರೂಪವಿದೆ. ಎಡಗಡೆ ಗಡಿಯಾರದ ಹೊತ್ತು, ಬಲಗಡೆ ಕಂಡವರ ಹೆಸರು, ಕೊನೆಯ ಸಾಲಿನಲ್ಲಿ ಶವ. ವಿಕ್ಟೋರಿಯಾ ಕಾಲದ ಲಂಡನ್ನಿನ ವೈಟ್‌ಚಾಪೆಲ್ ಕೊಲೆಗಳ ಕುರಿತ ಪುಸ್ತಕಗಳಲ್ಲಿ ಈ ವೇಳಾಪಟ್ಟಿ ಮತ್ತೆ ಮತ್ತೆ ಕಾಣಸಿಗುತ್ತದೆ. ಇದರ ಅನುಕೂಲ ಸ್ಪಷ್ಟ. ಅಪಾಯ ಮಾತ್ರ ಅಷ್ಟು ಸ್ಪಷ್ಟವಲ್ಲ. ಹೇಳಿಕೆಗಳೆಲ್ಲ ಒಂದೇ ಬಗೆಯವು, ಒಂದೇ ಭಾಷೆಯಲ್ಲಿ ಹುಟ್ಟಿದವು ಎಂಬ ಭ್ರಮೆಯನ್ನು ಪಟ್ಟಿಯ ಸಮಾನ ಸಾಲುಗಳು ಹುಟ್ಟಿಸುತ್ತವೆ. 1888ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಬರ್ನರ್ ಬೀದಿಯಲ್ಲಿ ಹತಳಾದ ಎಲಿಜಬೆತ್ ಸ್ಟ್ರೈಡ್‌ಳ ಪ್ರಕರಣದಲ್ಲಿ ಈ ಭ್ರಮೆ ಒಡೆಯುತ್ತದೆ.

ಸ್ಟ್ರೈಡ್ ಹುಟ್ಟು ಇಂಗ್ಲಿಷಿನವಳಲ್ಲ. 1843ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ಸಮೀಪದ ಟೋರ್ಸ್‌ಲಾಂಡಾದಲ್ಲಿ ಎಲಿಸಬೆತ್ ಗುಸ್ತಾಫ್ಸ್‌ಡಾಟರ್ ಆಗಿ ಹುಟ್ಟಿದ ಆಕೆ 1866ರಲ್ಲಿ ಲಂಡನ್ನಿಗೆ ಬಂದಳು. ಉಚ್ಚಾರದಿಂದಲೇ ಆಕೆ ಪರದೇಶದವಳೆಂದು ತಿಳಿಯುತ್ತಿತ್ತು, ಮಾತುಗಳೆಲ್ಲ ಸ್ಪಷ್ಟವಾಗಿ ಬರುತ್ತಿರಲಿಲ್ಲ ಎಂದು ಜೊತೆಗೆ ತಂಗುತ್ತಿದ್ದ ಕ್ಯಾಥರಿನ್ ಲೇನ್ ಕೊರೋನರ್ ವಿಚಾರಣೆಯಲ್ಲಿ ಹೇಳಿದಳು. ಕೊನೆಯ ದಿನದ ಮೊದಲ ಸಾಕ್ಷ್ಯಗಳು ಫ್ಲವರ್ ಆ್ಯಂಡ್ ಡೀನ್ ಬೀದಿಯ 32ನೆಯ ಸಂಖ್ಯೆಯ ತಂಗುಮನೆಯಿಂದ ಬಂದಂಥವು. ಅಂದು ಆಕೆ ಕೋಣೆಗಳನ್ನು ಗುಡಿಸಿ ಒರೆಸಿದ್ದಕ್ಕೆ ಮೇಲ್ವಿಚಾರಕಿ ಎಲಿಜಬೆತ್ ಟ್ಯಾನರ್ ಆರು ಪೆನ್ಸ್ ಕೊಟ್ಟಿದ್ದಳು. ಸಂಜೆ ಹೊರಡುವ ಮುನ್ನ ಸ್ಟ್ರೈಡ್ ಹಸಿರು ಮಖಮಲ್ಲಿನ ತುಂಡೊಂದನ್ನು ಜೋಪಾನವಾಗಿಡಲು ಲೇನ್‌ಳ ಕೈಗಿತ್ತಳು. ಚಾರ್ಲ್ಸ್ ಪ್ರೆಸ್ಟನ್ ಎಂಬ ಕ್ಷೌರಿಕನ ಬಳಿ ಬಟ್ಟೆ ಉಜ್ಜುವ ಬ್ರಷ್ ಕೇಳಿದಳು. ಆಕೆಯನ್ನು ಹೆಸರಿನಿಂದ ಬಲ್ಲವರ ಮಾತುಗಳಿವು. ಮಖಮಲ್ಲನ್ನು ಇಡಲು ಕೊಟ್ಟವಳಿಗೆ ಮರಳಿ ಬಂದು ಅದನ್ನು ಪಡೆಯುವ ಎಣಿಕೆಯಿತ್ತು.

ಬೀದಿಗಿಳಿದೊಡನೆ ಸಾಕ್ಷ್ಯದ ಸ್ವರೂಪ ಬದಲಾಗುತ್ತದೆ. 11:45ರ ಸುಮಾರಿಗೆ ವಿಲಿಯಂ ಮಾರ್ಷಲ್ ಬರ್ನರ್ ಬೀದಿಯ ತನ್ನ ಮನೆಬಾಗಿಲಿನಿಂದ ಜೋಡಿಯೊಂದನ್ನು ಕಂಡ. 12:35ರ ಹೊತ್ತಿಗೆ ಕಾನ್‌ಸ್ಟೇಬಲ್ ವಿಲಿಯಂ ಸ್ಮಿತ್, ಪತ್ರಿಕೆಯಲ್ಲಿ ಸುತ್ತಿದ ಪೊಟ್ಟಣ ಹಿಡಿದ ಗಂಡಸಿನೊಡನೆ ಅವಳನ್ನು ಕಂಡ. 12:45ಕ್ಕೆ ಜೇಮ್ಸ್ ಬ್ರೌನ್ ಫೇರ್‌ಕ್ಲಾ ಬೀದಿಯ ಮೂಲೆಯಲ್ಲಿ ಹೆಂಗಸೊಬ್ಬಳು ‘ಇಂದು ಬೇಡ, ಇನ್ನೊಂದು ರಾತ್ರಿ’ ಎಂಬರ್ಥದ ಮಾತಾಡಿದ್ದನ್ನು ಕೇಳಿಸಿಕೊಂಡ. ಇವರಾರಿಗೂ ಆಕೆಯ ಪರಿಚಯವಿರಲಿಲ್ಲ. ಇವರಿಗೆ ಹಾಕಿದ ಪ್ರಶ್ನೆಗಳೂ ಹೆಚ್ಚಾಗಿ ಪಕ್ಕದಲ್ಲಿದ್ದ ಗಂಡಸಿನ ಟೋಪಿ, ಕೋಟು, ಎತ್ತರಗಳ ಸುತ್ತಲೇ ಸುಳಿದವು. ಸ್ಮಿತ್ ಆಕೆಯ ಎದೆಯ ಮೇಲೆ ಹೂವನ್ನು ಕಂಡಿದ್ದ, ಮಾರ್ಷಲ್ ಕಂಡಿರಲಿಲ್ಲ. ಅವಳದೇ ಆದ ವಿವರವೂ ಹೀಗೆ ಬೇರೊಬ್ಬನನ್ನು ಗುರುತಿಸುವ ಸಾಧನವಾಯಿತು.

ಬ್ರೌನ್ ಹೇಳಿದ 12:45ರ ಹೊತ್ತಿಗೇ, ಅಲ್ಲಿಂದ ಕೆಲವೇ ಹೆಜ್ಜೆಗಳ ದೂರದ ಅಂಗಳದ ಬಾಗಿಲಲ್ಲಿ ಆಕೆಯ ಮೇಲೆ ಕೈಮಾಡಿದ್ದನ್ನು ಇನ್ನೊಬ್ಬ ಕಂಡಿದ್ದ. ಈ ಎರಡರಲ್ಲಿ ಒಂದರ ಹೊತ್ತು ತಪ್ಪಿರಬೇಕು, ಇಲ್ಲವೇ ಬ್ರೌನ್ ಕಂಡದ್ದು ಬೇರೊಬ್ಬಳನ್ನು. ಆ ಇನ್ನೊಬ್ಬ ಇಸ್ರೇಲ್ ಶ್ವಾರ್ಟ್ಸ್, ಹಂಗೇರಿಯಿಂದ ಬಂದ ಯಹೂದಿ, ಇಂಗ್ಲಿಷ್ ಬಾರದವನು. ಹಲ್ಲೆಯನ್ನು ಕಣ್ಣಾರೆ ಕಂಡೆನೆಂದವನು ಅವನೊಬ್ಬನೇ. ಅವನ ಮೂಲ ಹೇಳಿಕೆ ಇಂದು ಉಳಿದಿಲ್ಲ. ಉಳಿದಿರುವುದು ಅದರ ಎರಡು ಇಂಗ್ಲಿಷ್ ರೂಪಗಳು: ಅಕ್ಟೋಬರ್ 1ರ ‘ಸ್ಟಾರ್’ ಪತ್ರಿಕೆಯ ವರದಿ ಮತ್ತು ಅಕ್ಟೋಬರ್ 19ರಂದು ಮುಖ್ಯ ಇನ್‌ಸ್ಪೆಕ್ಟರ್ ಡೊನಾಲ್ಡ್ ಸ್ವಾನ್ಸನ್ ಬರೆದ ವರದಿಯೊಳಗಿನ ಸಾರಾಂಶ.

ಎರಡನ್ನೂ ಎದುರುಬದುರು ಇಟ್ಟು ಓದಿದರೆ ಒಂದೇ ಘಟನೆ ಎರಡು ದಿಕ್ಕಿಗೆ ಚಲಿಸುತ್ತದೆ. ಸ್ವಾನ್ಸನ್ನನ ಸಾರಾಂಶದಲ್ಲಿ ಗಂಡಸು ಆಕೆಯನ್ನು ಬೀದಿಯ ಕಡೆಗೆ ಎಳೆಯಲು ನೋಡಿ, ತಿರುಗಿಸಿ ಕಾಲುದಾರಿಯ ಮೇಲೆ ಕೆಡವುತ್ತಾನೆ. ಪತ್ರಿಕೆಯಲ್ಲಿ ಆಕೆಯನ್ನು ಓಣಿಯ ಒಳಕ್ಕೆ ತಳ್ಳುತ್ತಾನೆ. ಒಂದರಲ್ಲಿ ಎರಡನೆಯ ಗಂಡಸಿನ ಕೈಯಲ್ಲಿರುವುದು ಹೊಗೆಸೊಪ್ಪಿನ ಪೈಪು, ಇನ್ನೊಂದರಲ್ಲಿ ಚಾಕು. ಒಂದರಲ್ಲಿ ಕೂಗುವವನು ಹಲ್ಲೆ ಮಾಡಿದವನು, ಇನ್ನೊಂದರಲ್ಲಿ ಎರಡನೆಯವನು. ಪೊಲೀಸ್ ಸಾರಾಂಶದ ಪ್ರಕಾರ ಹೆಂಗಸು ಮೂರು ಬಾರಿ ಚೀರಿದಳು, ಆದರೆ ಬಹಳ ಗಟ್ಟಿಯಾಗಿ ಅಲ್ಲ. ಪತ್ರಿಕೆಯಲ್ಲಿ ಆ ಚೀತ್ಕಾರವಿಲ್ಲ, ಜಗಳದ ಸದ್ದಷ್ಟೇ ಇದೆ. ಪೊಲೀಸರಿಗೆ ಹೇಳಿದ್ದನ್ನೇ ದುಭಾಷಿಯ ಮೂಲಕ ತನಗೂ ಹೇಳಿದನೆಂದು ಪತ್ರಿಕೆ ಭರವಸೆ ಕೊಡುತ್ತದೆ. ಯಾವ ತಿರುವು ಶ್ವಾರ್ಟ್ಸ್‌ನದು, ಯಾವುದು ದುಭಾಷಿಯದು, ಯಾವುದು ವರದಿಗಾರನದು ಅಥವಾ ಅಧಿಕಾರಿಯದು ಎಂಬುದನ್ನು ಬಿಡಿಸಿ ತೋರಿಸುವ ಮೂಲಪಠ್ಯ ಇಲ್ಲ.

ಈ ಹೇಳಿಕೆಯಲ್ಲಿ ಅನುವಾದವಾಗದೆ ಉಳಿದ ಪದ ಒಂದೇ: ‘ಲಿಪ್ಸ್ಕಿ’. ಅದೂ ಪೊಲೀಸ್ ರೂಪದಲ್ಲಿ ಮಾತ್ರ ಇದೆ. 1887ರಲ್ಲಿ ಪಕ್ಕದ ಬ್ಯಾಟಿ ಬೀದಿಯಲ್ಲಿ ಮಿರಿಯಂ ಏಂಜೆಲ್‌ಳನ್ನು ಕೊಂದ ಆರೋಪದಲ್ಲಿ ಗಲ್ಲಿಗೇರಿದ ಇಸ್ರೇಲ್ ಲಿಪ್ಸ್ಕಿಯ ಹೆಸರದು. ಗೃಹ ಇಲಾಖೆ ಅದನ್ನು ವ್ಯಕ್ತಿನಾಮವೆಂದು ಓದಿ, ಆ ಹೆಸರಿನ ಸಹಚರನಿದ್ದನೇ ಎಂದು ವಿಚಾರಿಸಿತು. ಆ ಕೇರಿಯನ್ನು ಬಲ್ಲ ಇನ್‌ಸ್ಪೆಕ್ಟರ್ ಫ್ರೆಡರಿಕ್ ಅಬರ್ಲೈನ್ ನವೆಂಬರ್ 1ರ ವರದಿಯಲ್ಲಿ, ಅದು ಯಹೂದಿಗಳನ್ನು ಹೀಯಾಳಿಸಲು ಬಳಸುವ ಬೈಗುಳವಾಗಿತ್ತೆಂದೂ ಶ್ವಾರ್ಟ್ಸ್‌ನ ಮುಖಲಕ್ಷಣ ನೋಡಿ ಅವನತ್ತಲೇ ಎಸೆದಿರಬಹುದೆಂದೂ ವಿವರಿಸಿದ. ಹಾಗಾದರೆ ಆ ಕ್ಷಣದಲ್ಲಿ ಸಾಕ್ಷಿಯೂ ಬೆದರಿಕೆಗೆ ಗುರಿಯಾಗಿದ್ದ. ನಿರ್ಲಿಪ್ತ ವೀಕ್ಷಕನ ಸ್ಥಾನದಲ್ಲಿ ಅವನನ್ನು ನಿಲ್ಲಿಸುವ ವೇಳಾಪಟ್ಟಿ ಈ ಭಯವನ್ನು ದಾಖಲಿಸುವುದಿಲ್ಲ.

ಅಸಂಗತಿಗಳೆಲ್ಲ ಒಂದೇ ಬಗೆಯವಲ್ಲ ಎಂಬುದಕ್ಕೆ ಮ್ಯಾಥ್ಯೂ ಪ್ಯಾಕರ್‌ನ ಉದಾಹರಣೆ ಸಾಕು. ಬರ್ನರ್ ಬೀದಿಯ ಈ ಹಣ್ಣಿನ ವ್ಯಾಪಾರಿ ಮೊದಲು ಪೊಲೀಸರಿಗೆ ತಾನೇನೂ ಕಂಡಿಲ್ಲವೆಂದ. ಬಳಿಕ ಖಾಸಗಿ ಪತ್ತೇದಾರರಿಗೆ, ಪತ್ರಿಕೆಗಳಿಗೆ, ಆಕೆಯ ಜೊತೆಗಾರನಿಗೆ ದ್ರಾಕ್ಷಿ ಮಾರಿದೆನೆಂದ. ಆಕೆ ಸಾಯುವ ಮುನ್ನ ಹಲವು ಗಂಟೆಗಳಲ್ಲಿ ದ್ರಾಕ್ಷಿಯ ಸಿಪ್ಪೆಯನ್ನಾಗಲಿ ಬೀಜವನ್ನಾಗಲಿ ನುಂಗಿರಲಿಲ್ಲವೆಂದು ಡಾ. ಫಿಲಿಪ್ಸ್ ಸಾಕ್ಷ್ಯ ನುಡಿದರು. ಪ್ಯಾಕರ್‌ನ ಕಥೆ ಬದಲಾದದ್ದು ಒಂದೇ ಭಾಷೆಯೊಳಗೆ, ಕೇಳುವವರ ಹಂಬಲಕ್ಕೆ ತಕ್ಕಂತೆ. ಶ್ವಾರ್ಟ್ಸ್‌ನ ಕಥೆ ಬದಲಾದದ್ದು ಭಾಷೆಯ ಹೊಸ್ತಿಲು ದಾಟುವಾಗ. ಎರಡನ್ನೂ ‘ನಂಬಲರ್ಹವಲ್ಲ’ ಎಂಬ ಒಂದೇ ಕಪಾಟಿಗೆ ತುರುಕುವುದು ವಿಮರ್ಶೆಯ ಸೋಮಾರಿತನ.

ಕೊರೋನರ್ ವಿನ್ ಬ್ಯಾಕ್ಸ್‌ಟರ್ ನಡೆಸಿದ ವಿಚಾರಣೆ ಅಕ್ಟೋಬರ್ 23ರಂದು ಮುಗಿಯಿತು. ಅದರ ಪತ್ರಿಕಾ ವರದಿಗಳಲ್ಲಿ ಶ್ವಾರ್ಟ್ಸ್‌ನ ಸಾಕ್ಷ್ಯವಿಲ್ಲ. ಮೃತಳು ತನ್ನ ತಂಗಿಯೆಂದು ತಪ್ಪಾಗಿ ಗುರುತಿಸಿದ ಮೇರಿ ಮಾಲ್ಕಂಳ ಮಾತು ಅಲ್ಲಿ ವಿಸ್ತಾರವಾಗಿದೆ. ಆ ತಂಗಿ ಜೀವಂತವಾಗಿ ಬಂದು ಅಲ್ಲಗಳೆದದ್ದೂ ಇದೆ. ಹಲ್ಲೆ ಕಂಡವನ ಜಾಗ ಮಾತ್ರ ಖಾಲಿ.

ಹ್ಯಾಲಿ ರೂಬನ್‌ಹೋಲ್ಡ್ ಅವರ ‘ದಿ ಫೈವ್’ (2019) ಕೊಲೆಗಾರನ ಹುಡುಕಾಟವನ್ನು ಬದಿಗಿಟ್ಟು ಐವರು ಮಹಿಳೆಯರ ಬದುಕನ್ನು ಬರೆದು ಈ ಸಾಹಿತ್ಯದ ದೊಡ್ಡ ಕೊರತೆಯೊಂದನ್ನು ತುಂಬಿತು. ಸಾವಿನ ರಾತ್ರಿಯನ್ನು ಬಿಟ್ಟು ಬದುಕಿನತ್ತ ತಿರುಗುವ ಆ ನಿಲುವು ನ್ಯಾಯವಾದುದೇ. ಆದರೆ ಆ ರಾತ್ರಿಯನ್ನು ವೇಳಾಪಟ್ಟಿಗಾರರಿಗೇ ಬಿಟ್ಟುಕೊಡಬೇಕಾಗಿಲ್ಲ. ಪ್ರತಿ ಹೇಳಿಕೆಯ ಪಕ್ಕದಲ್ಲಿ ಹೊತ್ತಿನ ಜೊತೆಗೆ ಭಾಷೆ, ದುಭಾಷಿ, ಬರೆದುಕೊಂಡವರು, ಕೇಳಿದ ಪ್ರಶ್ನೆ ಇವನ್ನೂ ನಮೂದಿಸುವ ಪುನರ್ರಚನೆ ಸಾಧ್ಯ. ಅದು ಒಡಕುಗಳನ್ನು ಮುಚ್ಚದೆ ಓದುಗರ ಮುಂದಿಡುತ್ತದೆ. ಸಾಕ್ಷಿ ನ್ಯಾಯಾಲಯದ್ದಲ್ಲದ ಭಾಷೆಯಲ್ಲಿ ನುಡಿದರೆ, ಸಾಧ್ಯವಿದ್ದಲ್ಲಿ ಅದೇ ಭಾಷೆಯಲ್ಲಿ ಬರೆದುಕೊಳ್ಳಬಹುದೆಂದು ಭಾರತದ 1973ರ ದಂಡ ಪ್ರಕ್ರಿಯಾ ಸಂಹಿತೆಯ 277ನೆಯ ಕಲಮು ಹೇಳಿತ್ತು. ಆ ಅವಕಾಶದ ಬೆಲೆ ಏನೆಂಬುದು ರಾಜ್ಯದ ಭಾಷೆ ಒಂದು, ಮನೆಮಾತು ಇನ್ನೊಂದು ಆಗಿರುವ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಚೀತ್ಕಾರಕ್ಕೆ ಅನುವಾದ ಬೇಡವೆಂದು ತೋರುತ್ತದೆ. ಸ್ವೀಡಿಷ್ ಹೆಂಗಸಿನ ಆ ಮೂರು ಕೂಗುಗಳಾದರೋ ಹಂಗೇರಿಯವನ ಕಿವಿಯಿಂದ ದುಭಾಷಿಯ ಬಾಯಿಗೆ, ಅಲ್ಲಿಂದ ಇಂಗ್ಲಿಷ್ ಅಧಿಕಾರಿಯ ಲೇಖನಿಗೆ ದಾಟಿ ಉಳಿದುಬಂದಿವೆ. ‘ಬಹಳ ಗಟ್ಟಿಯಾಗಿ ಅಲ್ಲ’ ಎಂದು ಅಳೆದವರು ಇವರಲ್ಲಿ ಯಾರು ಎಂದು ಕೇಳುವುದರಿಂದ ಆಕೆಯ ಕೊನೆಯ ಗಂಟೆಯ ಓದು ಆರಂಭವಾಗಬೇಕು.