ಹೆಸರಿಲ್ಲದ ಮಾತು

ಹೆಸರಿಲ್ಲದ ಮಾತಿಗೆ ಹೊಣೆಯೂ ಇಲ್ಲವೆಂಬ ಅಭಿಪ್ರಾಯವು ಈಚೆಗೆ ಬಲಗೊಂಡಿರುವುದು. ಅಂತರ್ಜಾಲದಲ್ಲಿ ಕಲ್ಪಿತನಾಮವನ್ನು ಹೊದ್ದು ಪರರನ್ನು ಹಳಿಯುವವರ ನಡತೆಯನ್ನು ಕಂಡವರಿಗೆ ಹಾಗೆನಿಸುವುದು ಸಹಜವೇ ಸರಿ. ಆದರೆ ದೋಷವಿರುವುದು ಹೆಸರನ್ನು ಮರೆಸುವುದರಲ್ಲಿಯೋ ಬೇರೊಂದರಲ್ಲಿಯೋ ಎಂಬುದು ವಿಚಾರಾರ್ಹವಾದ ವಿಷಯ. ಹನೂರು ಸೀಮೆಯ ಮಲೆ ಮಹದೇಶ್ವರನ ಕಾವ್ಯವು ಇದಕ್ಕೊಂದು ಒರೆಗಲ್ಲು.

ಈ ಕಾವ್ಯವನ್ನು ಮೊದಲು ಕಟ್ಟಿದ ಕವಿ ಯಾರೆಂದರೆ ಉತ್ತರವಿಲ್ಲ. ದೇವರಗುಡ್ಡರು ಕಂಸಾಳೆ ಹಿಡಿದು ತಲೆತಲಾಂತರದಿಂದ ಹಾಡಿ ಬೆಳೆಸಿದ ಕೃತಿಯಿದು. ಇದರ ಸಂಕಮ್ಮನ ಸಾಲಿನಲ್ಲಿ, ಸೋಲಿಗರ ನೀಲಯ್ಯನು ಕಾಡಿಗೆ ಹೊರಡುವ ಮುನ್ನ ಹೆಂಡತಿಯ ಶೀಲವನ್ನು ಶಂಕಿಸಿ, ಭಾಷೆ ಕೊಡೆಂದು ಪೀಡಿಸುವನು. ತಪ್ಪು ಮಾಡದವಳು ಭಾಷೆಯನ್ನೇಕೆ ಕೊಡಬೇಕು? ಸಂಕಮ್ಮನು ಒಪ್ಪುವುದಿಲ್ಲ, ಆ ನಿರಾಕರಣೆಗಾಗಿ ಹಿಂಸೆಯನ್ನು ಅನುಭವಿಸುವಳು. ಹೆಸರಿಲ್ಲದ ಕವಿಯು ಇಲ್ಲಿ ಶಂಕಿಸಿದವನ ಪಕ್ಷವನ್ನು ಹಿಡಿಯಲಿಲ್ಲ. ಶಂಕೆಗೆ ಗುರಿಯಾದವಳಿಗೆ ಬಾಯಿ ಕೊಟ್ಟನು. ಕಾವ್ಯದ ಹಿರಿಮೆಯಿರುವುದು ಇಲ್ಲಿಯೇ.

ಹಾಡುವವನು ಕೇಳುವವರ ಎದುರಿನಲ್ಲಿರುವನು. ಅವರ ಕಣ್ಣೀರೂ ಬೇಸರವೂ ಅವನಿಗೆ ಕಾಣುವುವು. ಅಂತರ್ಜಾಲದಲ್ಲಿ ಬರೆಯುವವನಿಗೆ ಇವಾವುವೂ ಕಾಣವು. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಸೂಲರ್ 2004ರ ಲೇಖನವೊಂದರಲ್ಲಿ, ಅಲ್ಲಿಯ ಸಂಕೋಚರಾಹಿತ್ಯಕ್ಕೆ ಅನಾಮಕತೆಯೊಂದೇ ಅಲ್ಲದೆ ಪರಸ್ಪರ ಕಾಣದಿರುವುದನ್ನೂ, ಮರುಮಾತು ತಡವಾಗಿ ಬರುವುದನ್ನೂ ಕಾರಣಗಳಾಗಿ ಎಣಿಸಿದನು. ದಕ್ಷಿಣ ಕೊರಿಯವು 2007ರಲ್ಲಿ ದೊಡ್ಡ ಜಾಲತಾಣಗಳಲ್ಲಿ ಬರೆಯುವವರ ನಿಜವಾದ ಗುರುತನ್ನು ಪರಿಶೀಲಿಸಬೇಕೆಂದು ಕಡ್ಡಾಯಮಾಡಿತು. ಅಲ್ಲಿಯ ಸಂವಿಧಾನ ನ್ಯಾಯಾಲಯವು 2012ರಲ್ಲಿ ಆ ನಿಯಮವನ್ನು ರದ್ದುಗೊಳಿಸಿತು.

ಹೆಸರು ಹೇಳುವ ಧೈರ್ಯಕ್ಕೆ ಆಶ್ರಯವೂ ಬೇಕು. ಯಳಂದೂರಿನ ಸಂಚಿಯ ಹೊನ್ನಮ್ಮನು 'ಹದಿಬದೆಯ ಧರ್ಮ'ದಲ್ಲಿ ಹೆಣ್ಣನ್ನು ಕೀಳಾಗಿ ಕಾಣುವವರನ್ನು ತನ್ನ ಹೆಸರಿನಿಂದಲೇ ಪ್ರಶ್ನಿಸಿದಳು. ಆದರೆ ಅವಳಿಗೆ ಚಿಕ್ಕದೇವರಾಜ ಒಡೆಯರ (1673–1704) ಅರಮನೆಯ ಆಸರೆಯಿದ್ದಿತು. ಅಂತಹ ಆಸರೆಯಿಲ್ಲದ ಹೆಣ್ಣುಮಗಳೊಬ್ಬಳು ಇಂದು ತನಗಾದ ಅನ್ಯಾಯವನ್ನು ಹೆಸರು ಮರೆಸಿ ಹೇಳಿಕೊಂಡರೆ ಅದನ್ನು ಹೇಡಿತನವೆನ್ನಲಾದೀತೆ? ಬಲ್ಲಿದನಿಗೆ ಮರೆಯಾದ ಮುಸುಕೇ ದುರ್ಬಲರಿಗೆ ಸೂರೂ ಆಗುವುದು.

ಹಾಗಾದರೆ ಎದುರುಬದುರಾಗಿದ್ದರೆ ಸಾಕೇ? ಸಾಲದು. ನೀಲಯ್ಯನು ಹೆಸರನ್ನೂ ಮುಖವನ್ನೂ ಮರೆಸಿದವನಲ್ಲ. ಎದುರಿಗೆ ನಿಂತೇ ಹಿಂಸಿಸಿದನು. ಅವನಲ್ಲಿ ಇಲ್ಲದುದು ಹೆಂಡತಿಯ ಮಾತನ್ನು ಕೇಳುವ ಕಿವಿ. ಆ ಕಿವಿಯು ಕವಿಗಿದ್ದಿತು. ಆದುದರಿಂದ ಮಾತಿನ ಯೋಗ್ಯತೆಯನ್ನು ಅಳೆಯುವುದಕ್ಕೆ, ಆಡಿದವರ ಹೆಸರೇನೆಂದು ಕೇಳುವುದಕ್ಕಿಂತ ಮೊದಲು, ಆಡಿಸಿಕೊಂಡವರ ಮರುಮಾತಿಗೆ ಅದರಲ್ಲಿ ಎಡೆಯುಂಟೇ ಎಂದು ಕೇಳುವುದು ಲೇಸು. ಮಲೆಯ ಹಾಡು ಈ ಪರೀಕ್ಷೆಯಲ್ಲಿ ಗೆಲ್ಲುವುದು. ಅಂತರ್ಜಾಲದ ಬೈಗುಳಿಗೆ ನಿಜನಾಮದ ರುಜುವಿದ್ದರೂ ಅದು ಸೋಲುವುದು.